ಏರ್‌ಗನ್ ಕೊಳ್ಳುವ ಮುನ್ನ

ಈಚಿನ ಕೆಲವು ವರ್ಷಗಳಿಂದ ಶ್ರೀಮಠಕ್ಕೆ ಬರುವ ಭಕ್ತರಲ್ಲಿ, ಅದರಲ್ಲಿಯೂ ಹೊಲಮನೆಯುಳ್ಳ ತರುಣರಲ್ಲಿ, ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಗಿಣಿ, ಮಂಗ, ನವಿಲು, ಇಲಿಗಳ ಕಾಟಕ್ಕೆ ಕಡಿಮೆ ಬೆಲೆಯ ಏರ್‌ಗನ್ ಒಂದನ್ನು ಕೊಂಡರೆ ಹೇಗೆ, ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು ಎಂಬುದೇ ಆ ಪ್ರಶ್ನೆ. ಬಂದೂಕಿನ ವಿಚಾರವನ್ನು ಸ್ವಾಮಿಗಳ ಮುಂದೆ ಎತ್ತುವುದೇ ವಿಚಿತ್ರವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಕೇಳಿ ಮಾಡುವವನು ಕೇಳದೆ ಮಾಡುವವನಿಗಿಂತ ಲೇಸು. ಆದುದರಿಂದ ಉತ್ತರವನ್ನು ಬಹಿರಂಗವಾಗಿಯೇ ಹೇಳುತ್ತೇವೆ: ಕೊಳ್ಳಬೇಡಿ. ಏಕೆಂಬುದನ್ನು ತುಸು ವಿವರವಾಗಿಯೇ ಹೇಳಬೇಕಾಗಿದೆ. ಪ್ರಾಣಿಹಿಂಸೆ ಪಾಪವೆಂದು ಒಂದೇ ಮಾತಿನಲ್ಲಿ ಹೇಳಿ ಕೈತೊಳೆದುಕೊಂಡರೆ, ಬೆಳೆ ಕಳೆದುಕೊಂಡ ರೈತನು ನಮಸ್ಕರಿಸಿ ಎದ್ದುಹೋಗಿ ನೇರವಾಗಿ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ.

ಮೊದಲು ರೈತನ ದುಃಖವನ್ನು ಒಪ್ಪಿಕೊಳ್ಳೋಣ. ಕಲಘಟಗಿ, ಅಳ್ನಾವರದ ಕಡೆ ಕಾಡಂಚಿನ ಗೋವಿನಜೋಳದ ಹೊಲಕ್ಕೆ ಒಂದು ರಾತ್ರಿ ಕಾಡುಹಂದಿಗಳ ಹಿಂಡು ನುಗ್ಗಿತೆಂದರೆ ಮಾರನೆಯ ದಿನ ನೋಡುವವರ ಕರುಳು ಕಿವುಚಿದಂತಾಗುತ್ತದೆ. ಧಾರವಾಡದ ಸುತ್ತಲಿನ ಆಪೂಸು ಮಾವಿನ ತೋಟಗಳಲ್ಲಿ ಮಂಗಗಳು ತಿನ್ನುವುದಕ್ಕಿಂತ ಕಿತ್ತೆಸೆಯುವುದೇ ಹೆಚ್ಚು. ಸೂರ್ಯಕಾಂತಿಯ ಹೊಲದ ಮೇಲೆ ಗಿಣಿಗಳು ಇಳಿದರೆ ತೆನೆಗಳು ತೂತಾದ ಜಲ್ಲಡೆಯಂತೆ ಕಾಣುತ್ತವೆ. ಪಟ್ಟಣದ ಮನೆಯಲ್ಲಿ ಕುಳಿತು ಪಕ್ಷಿಪ್ರೇಮದ ಮಾತನಾಡುವವರು ಈ ನಷ್ಟವನ್ನು ತಮ್ಮ ಸಂಬಳದಿಂದ ತುಂಬಿಕೊಡುವುದಿಲ್ಲ. ಈ ಮಾತನ್ನು ಸೇರಿಸಿಯೇ ನಾವು ಮುಂದಿನ ವಾದವನ್ನು ಹೂಡುತ್ತೇವೆ.

ಅಂಗಡಿಯವನು ಏನು ಹೇಳುತ್ತಾನೆ? ಲೈಸೆನ್ಸು ಬೇಡ, ಬೆಲೆ ಅಗ್ಗ, ದೂರದರ್ಶಕ ಸಮೇತ ಒಂದು ಸೆಟ್ಟು, ಜೊತೆಗೆ ಗುಂಡಿನ ಡಬ್ಬಿ. ಲೈಸೆನ್ಸಿನ ಮಾತು ಒಂದು ಮಿತಿಯವರೆಗೆ ನಿಜ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ರಂಧ್ರ 4.5 ಮಿಲಿಮೀಟರನ್ನು ಮತ್ತು ಹೊಡೆತದ ಶಕ್ತಿ 20 ಜೂಲನ್ನು ಮೀರದ ಏರ್‌ಗನ್ನುಗಳಿಗೆ ಪರವಾನಗಿ ಕೇಳುವುದಿಲ್ಲ. ಆದರೆ ಪರವಾನಗಿ ಬೇಡವೆಂದು ಹೇಳಿದ ಸರಕಾರವು ಅದರಿಂದ ಜೀವಿಯನ್ನು ಹೊಡೆಯಲು ಪರವಾನಗಿ ಕೊಟ್ಟಿಲ್ಲ. ಕುಡುಗೋಲಿಗೂ ಲೈಸೆನ್ಸು ಬೇಕಾಗಿಲ್ಲ. ಅದರಿಂದ ನೆರೆಯವನ ಬಣವೆಯ ಹಗ್ಗ ಕೊಯ್ಯಬಹುದೆಂದು ಯಾರೂ ಅರ್ಥಮಾಡುವುದಿಲ್ಲ.

ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂಬತ್ತನೆಯ ಕಲಮು ಬೇಟೆಯನ್ನು ನಿಷೇಧಿಸುತ್ತದೆ. ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಗಾಯಗೊಳಿಸುವುದು, ಹಿಡಿಯುವುದು, ಮೊಟ್ಟೆ ಗೂಡುಗಳನ್ನು ಕೆಡಿಸುವುದು, ಇವುಗಳಿಗೆ ಪ್ರಯತ್ನಿಸುವುದೂ ಬೇಟೆಯೇ. ಗುರಿ ತಪ್ಪಿತೆಂಬುದು ಅಲ್ಲಿ ಸಮಾಧಾನವಾಗಲಾರದು. ನವಿಲು ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹೊಡೆದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆಮನೆ. ಗಿಣಿ, ಮೊಲ, ಕೌಜುಗ, ಕಾಡುಹಂದಿಗಳಿಗೂ ರಕ್ಷಣೆಯುಂಟು; 2022ರ ತಿದ್ದುಪಡಿಯ ನಂತರ ಇಂತಹ ಅಪರಾಧಗಳಿಗೆ ಮೂರು ವರ್ಷದವರೆಗೆ ಸೆರೆ ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಹಿಂದೆ ಐದನೆಯ ಅನುಸೂಚಿಯೆಂಬ ಒಂದು ಪಟ್ಟಿ ಇದ್ದಿತು. ಕಾಗೆ, ಇಲಿ, ಸುಂಡಿಲಿ, ಹಣ್ಣುಬಾವಲಿಗಳನ್ನು ಅದರಲ್ಲಿ ಉಪದ್ರವಿಗಳೆಂದು ಹೆಸರಿಸಲಾಗಿತ್ತು. ಆ ಪಟ್ಟಿಯನ್ನೂ ಅದೇ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಒಂದು ವನ್ಯಜೀವಿಯನ್ನು ಇಂತಿಷ್ಟು ಪ್ರದೇಶದಲ್ಲಿ ಇಂತಿಷ್ಟು ಕಾಲ ಉಪದ್ರವಿಯೆಂದು ಸಾರುವ ಅಧಿಕಾರ ಕೇಂದ್ರ ಸರಕಾರಕ್ಕಿದೆಯೇ ಹೊರತು, ಬದುವಿನ ಮೇಲೆ ನಿಂತ ನಮಗಾಗಲಿ ನಿಮಗಾಗಲಿ ಇಲ್ಲ. ನಿಂತ ಬೆಳೆಗೆ ನಿಜವಾಗಿ ಅಪಾಯವಿದ್ದಾಗ, ಎರಡನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ, ಅರಣ್ಯಾಧಿಕಾರಿಗಳು ಲಿಖಿತ ಅಪ್ಪಣೆ ಕೊಡುವ ದಾರಿಯನ್ನು ಹನ್ನೊಂದನೆಯ ಕಲಮು ಇರಿಸಿದೆ. ಆ ದಾರಿ ಉದ್ದವಾದುದೆಂಬುದನ್ನು ನಾವೂ ಬಲ್ಲೆವು. ಉದ್ದವಾಗಿದ್ದರೆ ಅದನ್ನು ಗಿಡ್ಡ ಮಾಡಿಸಲು ಗ್ರಾಮಸಭೆಯಲ್ಲಿ ಜಗಳಾಡಬೇಕು. ಕಾಡುಹಂದಿಯ ಹಾವಳಿಗೆ ಪರಿಹಾರ ತಡವಾದರೆ ಅರಣ್ಯ ಇಲಾಖೆಯ ಬಾಗಿಲಲ್ಲಿ ಕುಳಿತುಕೊಳ್ಳಬೇಕು. ಹಾಗೆ ಕುಳಿತುಕೊಳ್ಳುವ ರೈತರ ಜೊತೆಗೆ ನಾವೂ ಬಂದು ಕುಳಿತುಕೊಳ್ಳಲು ಸಿದ್ಧರಿದ್ದೇವೆ. ಮನವಿಪತ್ರಕ್ಕೆ ಸಹಿ ಮಾಡಲು ಬೇಸರಪಡುವವನು ಬಂದೂಕಿಗೆ ಹಣ ಹೊಂದಿಸಲು ಮಾತ್ರ ಬೇಸರಪಡದಿರುವುದು ನಮಗೆ ಸೋಜಿಗವೆನಿಸುತ್ತದೆ.

ಇರಲಿ. ಕಾನೂನನ್ನು ಬದಿಗಿಟ್ಟು ಆ ಯಂತ್ರವನ್ನೇ ಪರೀಕ್ಷಿಸೋಣ. ಗುರಿವಿದ್ಯೆಯನ್ನು ಕ್ರಮವಾಗಿ ಕಲಿತ ನಮ್ಮ ಶಿಷ್ಯರೊಬ್ಬರಿಂದ ಈ ಸಂಗತಿಗಳನ್ನು ಕೇಳಿ ತಿಳಿದುಕೊಂಡೆವು. 4.5 ಮಿಲಿಮೀಟರಿನ ಸೀಸದ ಗುಂಡು ತೂಕದಲ್ಲಿ ಸುಮಾರು ಅರ್ಧ ಗ್ರಾಂ. ಅದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಹತ್ತು ಜೂಲು. ಜಾಹೀರಾತಿನಲ್ಲಿ ಸೆಕೆಂಡಿಗೆ 800 ಅಡಿ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ; ಆ ಲೆಕ್ಕವನ್ನು ನಂಬಿದರೂ ಶಕ್ತಿ ಹದಿನೈದು ಜೂಲಿಗೆ ನಿಲ್ಲುತ್ತದೆ. ಇನ್ನು ಆ ವೇಗವನ್ನು ಅಳೆಯುವಾಗ ಬಹಳ ಸಲ ಅತಿ ಹಗುರವಾದ ಗುಂಡನ್ನು ಬಳಸಿರುತ್ತಾರೆಂಬುದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಅಗ್ಗದ ಬಂದೂಕುಗಳಲ್ಲಿ ಗಾಳಿಯನ್ನು ಒತ್ತುವುದು ಒಂದು ಸ್ಪ್ರಿಂಗು. ಅದು ಬಿಟ್ಟಾಗ ಬಂದೂಕು ಹಿಂದಕ್ಕೂ ಮುಂದಕ್ಕೂ ಎರಡು ಸಲ ಜಗ್ಗುತ್ತದೆ. ಕೈ ತುಸು ಬಿಗಿಯಾದರೂ ಗುರಿ ಬದಲಾಗುತ್ತದೆ, ಸೆಟ್ಟಿನಲ್ಲಿ ಬಂದ ಅಗ್ಗದ ದೂರದರ್ಶಕ ಕೆಲವೇ ದಿನಗಳಲ್ಲಿ ಸಡಿಲಗೊಂಡು ಸುಳ್ಳು ಹೇಳತೊಡಗುತ್ತದೆ.

ಇದರ ಅರ್ಥವೇನು? ಈ ಸಾಧನದಿಂದ ಮಂಗವೂ ಸಾಯುವುದಿಲ್ಲ, ನವಿಲೂ ಸಾಯುವುದಿಲ್ಲ, ಹಂದಿಗಂತೂ ಅದು ತುರಿಕೆಗೆ ಸಮ. ಸಾಯುವುದಿಲ್ಲ, ಗಾಯಗೊಳ್ಳುತ್ತವೆ. ಹೊಟ್ಟೆಯಲ್ಲಿ ಸೀಸದ ಗುಂಡು ಹೊತ್ತ ತಾಯಿಮಂಗವು ಮರಿಯನ್ನು ಅವುಚಿಕೊಂಡು ಬೇಲಿಯ ಮರೆಯಲ್ಲಿ ದಿನಗಟ್ಟಲೆ ನರಳುತ್ತದೆ. ರೆಕ್ಕೆ ಮುರಿದ ನವಿಲನ್ನು ನಾಯಿಗಳು ಎಳೆದಾಡುತ್ತವೆ. ಬೇಟೆಗಾರರಿಗೂ ತಮ್ಮದೇ ಆದ ಒಂದು ನೇಮವುಂಟು. ಒಂದೇ ಏಟಿಗೆ ಬೀಳಿಸಲಾರದ ಆಯುಧವನ್ನು ಪ್ರಾಣಿಯ ಮೇಲೆ ಎತ್ತಬಾರದೆಂದು ಆ ಕಸುಬಿನ ಹಿರಿಯರೇ ಹೇಳುತ್ತಾರೆ. ನಮ್ಮ ಧರ್ಮದ ಅಳತೆಗೋಲು ಹಾಗಿರಲಿ, ಬೇಡನ ಅಳತೆಗೋಲಿನಿಂದ ಅಳೆದರೂ ಈ ಏರ್‌ಗನ್ ತೂಗುವುದಿಲ್ಲ.

ಇಲ್ಲಿ ನಮ್ಮ ಸಮಾಜದವರಿಗೇ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಹಸಿವಿನಿಂದ ಮೊಲ ಹೊಡೆದು ತಿನ್ನುವ ಬಡವನನ್ನು ಹಳಿಯುವ ನಾವು, ಮಾಂಸ ಮುಟ್ಟದ ಮನೆತನದವರೆಂದು ಹೆಮ್ಮೆಪಡುವ ನಾವು, ರವಿವಾರ ಬಂದರೆ ಮೋಟಾರ್ ಸೈಕಲ್ಲಿನ ಮೇಲೆ ಬಂದೂಕಿನ ಚೀಲ ಕಟ್ಟಿಕೊಂಡು ಕೆರೆಯಂಗಳಕ್ಕೆ ಹೋಗುವ ಮಕ್ಕಳನ್ನು ಕಂಡೂ ಕಾಣದಂತಿದ್ದೇವೆ. ಬೆಳವ, ಲಾವಕ್ಕಿ, ಕೌಜುಗಗಳನ್ನು ಹೊಡೆದು ಚಿತ್ರ ತೆಗೆಸಿಕೊಂಡು ಅಲ್ಲಿಯೇ ಎಸೆದು ಬರುವವರು ಇವರು. ತಿನ್ನುವುದಕ್ಕೂ ಅಲ್ಲ, ಬೆಳೆ ಕಾಯುವುದಕ್ಕೂ ಅಲ್ಲ. ಇವರ ಹೊಲದಲ್ಲಿ ಬೆಳೆಯೇ ಇರುವುದಿಲ್ಲ. ರೈತನ ಸಂಕಟದ ಹೆಸರನ್ನು ಇಂಥವರು ಮುಂದೆ ಮಾಡುವುದು ರೈತನಿಗೇ ಅವಮಾನ. ಕೊರಳಲ್ಲಿ ಲಿಂಗ, ಕೈಯಲ್ಲಿ ಗುಂಡಿನ ಡಬ್ಬಿ, ಇವೆರಡೂ ಒಂದೇ ಮೈಮೇಲೆ ಹೇಗೆ ಒಪ್ಪುತ್ತವೆಯೆಂಬುದನ್ನು ಅವರ ತಂದೆತಾಯಿಗಳು ಕೇಳಬೇಕಾಗಿತ್ತು. ಅವರು ಕೇಳದಿದ್ದುದರಿಂದ ನಾವು ಕೇಳುತ್ತಿದ್ದೇವೆ.

ಓದಿದ ತರುಣರು ಇದಕ್ಕೊಂದು ಉತ್ತರವನ್ನು ಸಿದ್ಧಮಾಡಿಟ್ಟುಕೊಂಡಿರುತ್ತಾರೆ: ಪಕ್ಷಿತಜ್ಞ ಸಲೀಂ ಅಲಿಯವರೂ ಚಿಕ್ಕಂದಿನಲ್ಲಿ ಏರ್‌ಗನ್ನಿನಿಂದ ಗುಬ್ಬಿ ಹೊಡೆದವರೇ ಅಲ್ಲವೆ? ಹೌದು. 1985ರಲ್ಲಿ ಹೊರಬಂದ ತಮ್ಮ ಆತ್ಮಚರಿತ್ರೆಗೆ ಆ ಗುಬ್ಬಿಯ ಹೆಸರನ್ನೇ ಅವರು ಇರಿಸಿದರು. ಆದರೆ ಕಥೆಯನ್ನು ಪೂರ್ತಿಯಾಗಿ ಹೇಳಬೇಕು. ಬಿದ್ದ ಗುಬ್ಬಿಯ ಕೊರಳಿನಲ್ಲಿ ಹಳದಿ ಬಣ್ಣವಿರುವುದನ್ನು ಕಂಡು ಆ ಬಾಲಕನು ಇದಾವ ಹಕ್ಕಿಯೆಂದು ಕೇಳಿಕೊಂಡು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದನು. ಅಲ್ಲಿ ಮಿಲ್ಲರ್ಡ್ ಎಂಬ ಕಾರ್ಯದರ್ಶಿಗಳು ಹುಡುಗನನ್ನು ಗದರದೆ ಕಪಾಟುಗಳನ್ನು ತೆರೆದು ತೋರಿಸಿದರು. ಅವನನ್ನು ಸಲೀಂ ಅಲಿಯನ್ನಾಗಿ ಮಾಡಿದ್ದು ಬಂದೂಕಲ್ಲ, ಆ ಪ್ರಶ್ನೆ. ಮುಂದೆ ಅಧ್ಯಯನಕ್ಕಾಗಿ ಅವರು ಪಕ್ಷಿಗಳನ್ನು ಹೊಡೆದು ಸಂಗ್ರಹಿಸಿದ್ದೂ ನಿಜ. ಅಂದಿನ ಶಾಸ್ತ್ರಕ್ಕೆ ಬೇರೆ ದಾರಿಯಿರಲಿಲ್ಲ. ಇಂದು ಆ ನೆಪವೂ ಉಳಿದಿಲ್ಲ.

ಉಪದ್ರವಿ ಯಾವುದು, ಉಪಕಾರಿ ಯಾವುದು ಎಂಬ ತೀರ್ಪು ಸುಲಭವಾದುದಲ್ಲ. 1958ರಲ್ಲಿ ಚೀನಾ ದೇಶವು ಗುಬ್ಬಿಯನ್ನು ಧಾನ್ಯದ ಕಳ್ಳನೆಂದು ಸಾರಿ, ಊರಿಗೆ ಊರೇ ಡಬ್ಬಿ ಬಡಿದು, ಗೂಡು ಕಿತ್ತು, ಅವುಗಳನ್ನು ನಿರ್ವಂಶ ಮಾಡಹೊರಟಿತು. ಗುಬ್ಬಿ ಹೋದ ಮೇಲೆ ಹುಳುಗಳು ಹೆಚ್ಚಿದವು. ಎರಡೇ ವರ್ಷಗಳಲ್ಲಿ ಆ ಪಟ್ಟಿಯಿಂದ ಗುಬ್ಬಿಯ ಹೆಸರನ್ನು ಅಳಿಸಿ ತಿಗಣೆಯ ಹೆಸರನ್ನು ಬರೆಯಬೇಕಾಯಿತು. ಅಷ್ಟರಲ್ಲಿ ಆ ದೇಶವನ್ನು ಹಿಡಿದಿದ್ದ ಬರಗಾಲಕ್ಕೆ ಈ ಅವಿವೇಕವೂ ಒಂದು ಕೈ ಕೂಡಿಸಿತ್ತು. ಅಷ್ಟು ದೂರ ಹೋಗುವುದೇಕೆ? ನಮ್ಮ ನವಲಗುಂದ, ಗದಗಿನ ಎರೆಯ ಹೊಲಗಳಲ್ಲಿ ಕಡಲೆಗೆ ಕಾಯಿಕೊರಕದ ಹುಳ ಬಿದ್ದಾಗ ಜಾಣ ರೈತರು ಸಾಲಿನಲ್ಲಿ ಚುರುಮುರಿ ಚೆಲ್ಲುತ್ತಾರೆ. ಅಲ್ಲಲ್ಲಿ ಹಕ್ಕಿ ಕೂರಲು ಅಡ್ಡಕೋಲು ನೆಡುತ್ತಾರೆ. ಚುರುಮುರಿಗೆ ಬಂದ ಹಕ್ಕಿ ಹುಳವನ್ನೂ ಹೆಕ್ಕುತ್ತದೆ. ಕೋಲಿನ ಮೇಲೆ ಕುಳಿತ ಕಾಜಾಣ ನಮ್ಮ ಕೂಲಿಯಿಲ್ಲದ ಆಳು. ಪಕ್ಕದ ಹೊಲದ ಹುಡುಗ ಅದೇ ಕೋಲಿನ ಮೇಲಿನ ಹಕ್ಕಿಗೆ ಗುರಿ ಹಿಡಿದರೆ ಕೀಟನಾಶಕದ ಅಂಗಡಿಯವನಿಗಲ್ಲದೆ ಇನ್ನಾರಿಗೂ ಲಾಭವಿಲ್ಲ.

ಇಲಿಯ ಮಾತು ಬೇರೆ. ಅದಕ್ಕೆ ಕಾಯಿದೆಯ ರಕ್ಷಣೆಯಿಲ್ಲ, ಉಗ್ರಾಣವನ್ನು ಕಾಯದಿದ್ದರೆ ದಾಸೋಹವೂ ನಡೆಯದು. ಮಠದಲ್ಲಿಯೂ ಇಲಿಗೆ ಬೋನು ಇಡುತ್ತೇವೆ, ಅದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆದರೆ ಬಂದೂಕಿನಿಂದ ಇಲಿ ತೀರುತ್ತದೆಯೆ? ಹೆಣ್ಣಿಲಿ ಸುಮಾರು ಮೂರು ವಾರದಲ್ಲಿ ಗರ್ಭ ಕಳೆದು ಒಂದು ಸಲಕ್ಕೆ ಆರೆಂಟು ಮರಿ ಹಾಕುತ್ತದೆ. ರಾತ್ರಿಗೊಂದು ಇಲಿ ಹೊಡೆದವನು ನಿದ್ರೆಗೆಟ್ಟದ್ದಷ್ಟೇ ಲಾಭ. ಕಲ್ಲಿನ ಗೋಡೆಗೆ ಬಡಿದ ಗುಂಡು ಮರಳಿ ಚಿಮ್ಮುತ್ತದೆ. ಅದು ಮಗುವಿನ ಕಣ್ಣಿಗೆ ತಗಲಿದರೆ ಆ ಕಣ್ಣು ಹೋಯಿತೆಂದೇ ತಿಳಿಯಬೇಕು. ಬಾಗಿಲಿನ ಅಡಿಗೆ ತಗಡು ಹೊಡೆಯುವುದು, ಚೀಲಗಳನ್ನು ಗೋಡೆಯಿಂದ ದೂರವಿಟ್ಟು ಹಲಗೆಯ ಮೇಲೆ ಪೇರಿಸುವುದು, ಊರವರೆಲ್ಲ ಒಂದೇ ವಾರದಲ್ಲಿ ಬಿಲಗಳನ್ನು ಹುಡುಕಿ ಮುಚ್ಚುವುದು, ಗೂಬೆಯನ್ನು ಅಪಶಕುನವೆಂದು ಓಡಿಸದಿರುವುದು, ಇವು ಹೆಚ್ಚು ಫಲ ಕೊಡುವ ಉಪಾಯಗಳು. ಒಂದು ಜೋಡಿ ಕಣಜಗೂಬೆ ಮಾಡುವ ಕೆಲಸವನ್ನು ಹತ್ತು ಬಂದೂಕು ಮಾಡಲಾರವು.

ಗಿಣಿಯ ಹಾವಳಿ ವರ್ಷವಿಡೀ ಇರುವುದಲ್ಲ. ಕಾಳು ಹಾಲು ತುಂಬಿದಂದಿನಿಂದ ಗಟ್ಟಿಯಾಗುವವರೆಗೆ ಕೆಲವು ವಾರ, ಅದೂ ಬೆಳಗು ಸಂಜೆ. ಹಿಂದೆ ಅಟ್ಟಣೆ ಹಾಕಿ, ಕವಣೆ ಬೀಸಿ, ಹಾಡು ಹೇಳಿ ಹಕ್ಕಿ ಕಾಯುತ್ತಿದ್ದರು. ಆ ಹುಡುಗರು ಇಂದು ಶಾಲೆಯಲ್ಲಿದ್ದಾರೆ, ಅಲ್ಲಿಯೇ ಇರಬೇಕು. ಏರ್‌ಗನ್ನಿನ ಸೆಟ್ಟಿಗೆ ಸುರಿಯುವ ಹಣದಲ್ಲಿ ಆ ಕೆಲವು ವಾರ ಒಬ್ಬ ದೊಡ್ಡ ಆಳನ್ನು ಇಟ್ಟರೆ ಒಂದು ಮನೆಗೆ ಅನ್ನವೂ ಆದೀತು. ಮಿಂಚುವ ಪಟ್ಟಿಗಳನ್ನು ಗಾಳಿಗೆ ಬಡಿಯುವಂತೆ ಕಟ್ಟುವುದು ಒಳ್ಳೆಯದು; ಆದರೆ ಒಂದೇ ಉಪಾಯಕ್ಕೆ ಹಕ್ಕಿ ಬಹು ಬೇಗ ಒಗ್ಗಿಕೊಳ್ಳುವುದರಿಂದ ಆಗಾಗ ಬದಲಾಯಿಸುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು, ನೆರೆಹೊರೆಯವರು ಮಾತಾಡಿಕೊಂಡು ಒಟ್ಟಿಗೆ ಬಿತ್ತುವುದು. ಸೀಮೆಯಲ್ಲಿ ಒಂಟಿಯಾಗಿ ನಿಂತ ಸೂರ್ಯಕಾಂತಿಯ ಹೊಲಕ್ಕೆ ಸುತ್ತಲಿನ ಗಿಣಿಗಳೆಲ್ಲ ಬಂದೇ ಬರುತ್ತವೆ. ಹಂದಿಗೆ ಸೌರಬೇಲಿ ಉಂಟು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಮಾತ್ರ ಕೊಲೆಪಾತಕ. ಅದರಲ್ಲಿ ಸಾಯುವವರು ಮನುಷ್ಯರೂ ಹೌದು. ಮಂಗನಿಗೆ ಸುಲಭವಾದ ಮದ್ದಿಲ್ಲ. ಗುಡಿಯ ಮುಂದೆ ಬಾಳೆಹಣ್ಣು ಕೊಟ್ಟು ರೂಢಿ ಮಾಡಿ, ಅದೇ ಮಂಗ ತೋಟಕ್ಕೆ ಬಂದಾಗ ಬಂದೂಕು ಹುಡುಕುವ ಭಕ್ತರು ಮೊದಲು ಆ ಬಾಳೆಹಣ್ಣನ್ನು ನಿಲ್ಲಿಸಲಿ.

ಸಹನೆ ಅಸಾಧ್ಯವೆಂದು ಯಾರೂ ಹೇಳಬಾರದು. 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯದೇ ಭಾಗವಾಗಿದ್ದ ಗದಗಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಗಲು ನೀರಿನಲ್ಲಿ ತೇಲಿ, ಹೊತ್ತು ಮುಳುಗಿದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆ ಊರವರು ಬಂದೂಕು ಹಿಡಿದಿದ್ದರೆ 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯುತ್ತಿರಲಿಲ್ಲ. ಎಳ್ಳಮಾಸಿಯ ದಿನ ಚರಗ ಚೆಲ್ಲುವಾಗ ನಾವು ಭೂತಾಯಿಯ ಸಂಸಾರಕ್ಕೆಲ್ಲ ಉಣಬಡಿಸುತ್ತೇವೆ. ಆ ತುತ್ತನ್ನು ಹೆಕ್ಕಲು ಬರುವವರಾರೆಂಬುದು ಆ ದಿನ ನಮಗೆ ಗೊತ್ತಿರುತ್ತದೆ.

ಗುರಿವಿದ್ಯೆಯ ಮೇಲೆ ನಮಗೆ ದ್ವೇಷವಿಲ್ಲ. ಜಾತ್ರೆಯಲ್ಲಿ ಬಲೂನು ಹೊಡೆಯುವ ಹುಡುಗರನ್ನು ನಾವು ತಡೆದಿಲ್ಲ. 2008ರಲ್ಲಿ ಅಭಿನವ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಹತ್ತು ಮೀಟರ್ ಏರ್ ರೈಫಲಿನಲ್ಲಿಯೇ. 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಎಂಬ ಹೆಣ್ಣುಮಗಳು ಏರ್ ಪಿಸ್ತೂಲಿನಲ್ಲಿ ಎರಡು ಕಂಚು ತಂದಳು. ಬಿಂದ್ರಾ ಗುರಿಯಿಟ್ಟ ಕಾಗದದ ನಡುಬಿಂದು ಅರ್ಧ ಮಿಲಿಮೀಟರು. ಮರದ ಮೇಲಿನ ಗಿಣಿಯನ್ನು ಹೊಡೆದು ಬೀಗುವವನು ಆ ಬಿಂದುವಿನ ಮುಂದೆ ನಿಂತು ನೋಡಲಿ. ಗುರುವಿನ ಕಣ್ಣಿನಡಿ, ಹಿಂದೆ ಭದ್ರವಾದ ಗೋಡೆಯಿಟ್ಟು, ಕಾಗದಕ್ಕೆ ಹೊಡೆಯಲು ಕಲಿಯುವ ಮಗನಿಗೆ ತಂದೆಯಾದವನು ಅವಶ್ಯವಾಗಿ ನೆರವಾಗಬಹುದು.

ಈಗಾಗಲೇ ಕೊಂಡಿರುವವರ ವಿಷಯ ಉಳಿಯಿತು. 2021ರ ಮಾರ್ಚಿನಲ್ಲಿ ಅರುಣಾಚಲ ಪ್ರದೇಶದ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್‌ಡುಂಗ್ ಎಂಬ ಊರಿನಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನವೊಂದು ಆರಂಭವಾಯಿತು. ಬೇಟೆಯೇ ತಲೆತಲಾಂತರದ ಸಂಪ್ರದಾಯವಾಗಿದ್ದ ಜನ ತಾವಾಗಿಯೇ ಬಂದೂಕುಗಳನ್ನು ತಂದು ಇಳಿಸಿದರು. ಬೇಟೆಯ ಸಂಪ್ರದಾಯವೇ ಇಲ್ಲದ ನಮಗೆ ಅದು ಇನ್ನೂ ಹಗುರವಾಗಬೇಕು. ನಮ್ಮ ಭಕ್ತರಲ್ಲಿ, ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಾದರೂ ಇಂಥದೊಂದು ಅಟ್ಟದ ಮೇಲಿದ್ದರೆ ಬರುವ ಅಮಾವಾಸ್ಯೆಯೊಳಗೆ ಮಠದ ಕಚೇರಿಗೆ ತಂದೊಪ್ಪಿಸಬಹುದು. ಹೆಸರನ್ನು ಕೇಳುವುದಿಲ್ಲ, ಬರೆದಿಡುವುದೂ ಇಲ್ಲ. ಗುಂಡಿನ ಡಬ್ಬಿಯನ್ನೂ ಮರೆಯದೆ ಜೊತೆಗೆ ತರಬೇಕು.