ಹಿಂದಿನ ಸಾಲಿಗೆ ಕೇಳಬೇಕಾದ ಕನ್ನಡ

ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ನಮ್ಮ ಮೀಮಾಂಸಕರು ವಿಂಗಡಿಸಿರುವುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನೀವು ಬಲ್ಲಿರಿ. ಶ್ರವ್ಯವೆಂದದ್ದು ನಿಜಕ್ಕೂ ಕಿವಿಗೆ ಬೀಳುತ್ತದೆಯೇ ಎಂದು ಪಠ್ಯಪುಸ್ತಕ ಕೇಳುವುದಿಲ್ಲ. ನಮ್ಮ ಗಡಿಭಾಗದಲ್ಲಿ ಈಗ ಅದನ್ನು ಕೇಳಬೇಕಾಗಿದೆ. ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ ಕಡೆಯ ಸಮುದಾಯ ಭವನಗಳಿಗೆ, ಮಠಗಳಿಗೆ ಧ್ವನಿವರ್ಧಕ ಕೊಳ್ಳುವ ಮಾತು ಬಂದರೆ ಸಾಕು, ‘ಲೈನ್ ಅರೇ’ ಎಂಬ ಹೆಸರು ಮುಂದೆ ಬರುತ್ತದೆ. ಒಂದರ ಕೆಳಗೊಂದರಂತೆ ತೂಗುವ ಆ ಪೆಟ್ಟಿಗೆಗಳ ಸಾಲು ಊರಿಗೊಂದು ಪ್ರತಿಷ್ಠೆ. ಇನ್ನೂರು ಮುನ್ನೂರು ಜನ ಕೂಡುವ ಭವನಕ್ಕೆ, ಅದರಲ್ಲೂ ಪ್ರವಚನ, ವಚನಗಾಯನ, ಗಮಕಗಳೇ ಮುಖ್ಯವಾಗಿರುವಲ್ಲಿಗೆ, ಅದು ಬಹುಮಟ್ಟಿಗೆ ಬೇಡದ ವಸ್ತು ಎಂಬುದು ನನ್ನ ಅಭಿಪ್ರಾಯ.

1990ರ ದಶಕದ ಆರಂಭದಲ್ಲಿ ಫ್ರಾನ್ಸಿನ ಎಲ್-ಅಕೌಸ್ಟಿಕ್ಸ್ ಸಂಸ್ಥೆ ‘ವಿ-ಡಾಸ್ಕ್’ ಎಂಬ ಹೆಸರಿನಲ್ಲಿ ಈ ಬಗೆಯನ್ನು ಹೊರತಂದಾಗ ಅದರ ಗುರಿ ಸಾವಿರಾರು ಶ್ರೋತೃಗಳ ಸಭೆಯಾಗಿತ್ತು. ಸಾಮಾನ್ಯ ಸ್ಪೀಕರಿನ ಸದ್ದು ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ತಗ್ಗುತ್ತದೆ. ಉದ್ದನೆಯ ಸಾಲಿನಿಂದ ಹೊರಟದ್ದು ಒಂದು ಮಿತಿಯವರೆಗೆ 3 ಡೆಸಿಬೆಲ್ ಮಾತ್ರ ತಗ್ಗುತ್ತದೆ. ಮುಂದೆ ಕುಳಿತವನ ಕಿವಿ ಒಡೆಯದೆ ಹಿಂದೆ ಕುಳಿತವನಿಗೂ ಕೇಳಿಸುವ ಉಪಾಯವಿದು. ಶಿವರಾತ್ರಿಯಂದು ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಗೆ ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರಗಳಿಂದ ಜನ ಸೇರುವ ಬಯಲಿಗಾದರೆ ಅದು ತಕ್ಕದ್ದೇ. ಅಲ್ಲಿಗೆ ಬಾಡಿಗೆಗೆ ತರಿಸಲಿ.

ಆದರೆ ಈ ಗುಣ ಸಾಲಿನ ಉದ್ದದಿಂದ ಬರುತ್ತದೆ, ಹೆಸರಿನಿಂದಲ್ಲ. ನಾಲ್ಕು ಸಣ್ಣ ಪೆಟ್ಟಿಗೆಗಳನ್ನು ಜೋಡಿಸಿದರೆ ಸುಮಾರು ಒಂದು ಮೀಟರಾದೀತು. 340 ಹರ್ಟ್ಸ್ ಕಂಪನದ ಅಲೆಯುದ್ದವೇ ಒಂದು ಮೀಟರ್. ಗಂಡು ಧ್ವನಿಯ ಮೂಲಸ್ವರವಿರುವ 100 ಹರ್ಟ್ಸಿನಲ್ಲಿ ಅದು ಮೂರು ಮೀಟರಿಗೂ ಮಿಕ್ಕಿದ್ದು. ಆ ಕೆಳಸ್ವರಗಳಿಗೆ ಮೋಟು ಸಾಲು ಬರಿಯ ಪೆಟ್ಟಿಗೆಯಂತೆಯೇ ವರ್ತಿಸುತ್ತದೆ, ಗೋಡೆ ಛಾವಣಿಗಳಿಗೆಲ್ಲ ಸದ್ದನ್ನು ಎರಚುತ್ತದೆ. ಮೇಲ್ಸ್ವರಗಳು ಮಾತ್ರ ಕಿರಿದಾದ ಪಟ್ಟಿಯಂತೆ ನೇರ ಹೊರಡುತ್ತವೆ. ಎತ್ತರದಲ್ಲಿ ತೂಗುಹಾಕಿ, ಪ್ರತಿ ಪೆಟ್ಟಿಗೆಯ ಕೋನವನ್ನು ಲೆಕ್ಕಹಾಕಿದರಷ್ಟೇ ಆ ಪಟ್ಟಿ ಹಿಂದಿನ ಸಾಲನ್ನು ಮುಟ್ಟೀತು. ನಮ್ಮ ಭವನಗಳಲ್ಲಿ ಹನ್ನೆರಡಡಿ ಎತ್ತರದ ಛಾವಣಿ, ತಗಡಿನ ಹೊದಿಕೆ. ಪೆಟ್ಟಿಗೆಗಳನ್ನು ವೇದಿಕೆಯ ಅಂಚಿನಲ್ಲೇ ಪೇರಿಸುತ್ತಾರೆ; ಮುಂದಿನ ಸಾಲಿನ ಅಜ್ಜಂದಿರು ಕಿವಿಗೆ ಟವೆಲ್ಲು ಸುತ್ತಿಕೊಳ್ಳುತ್ತಾರೆ.

ಕನ್ನಡದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮಾತಿನ ಬಲವೆಲ್ಲ ಸ್ವರಗಳಲ್ಲಿದೆ, ಅವು ಕೆಳಗಿನ ಕಂಪನಗಳು. ಅರ್ಥವನ್ನು ಬೇರ್ಪಡಿಸುವ ವ್ಯಂಜನಗಳ ಗುರುತು ಹೆಚ್ಚಾಗಿ 1000ದಿಂದ 4000 ಹರ್ಟ್ಸ್‌ವರೆಗಿನ ಸೂಕ್ಷ್ಮ ಸದ್ದಿನಲ್ಲಿದೆ. ಬೇಸ್ ಏರಿಸಿದಷ್ಟೂ ವ್ಯಂಜನ ಮುಳುಗುತ್ತದೆ. ಆಗ ಬೆಲೆಗೂ ಬೆಳೆಗೂ, ಕಲ್ಲಿಗೂ ಕಳ್ಳಿಗೂ ಭೇದ ಉಳಿಯುವುದಿಲ್ಲ. ಮರಾಠಿ ಇಯತ್ತೆಗಳನ್ನೂ ಕನ್ನಡ ತರಗತಿಗಳನ್ನೂ ದಾಟಿ ಬಂದ ನನಗೆ ಈ ಭೇದದ ಮೇಲೆ ವಿಶೇಷ ಮಮತೆ: ಮರಾಠಿಯಲ್ಲಿ ‘ಕಾಲ್’ ಎಂದರೆ ನಿನ್ನೆ, ‘ಕಾಳ್’ ಎಂದರೆ ಕಾಲ. ನಾಲಗೆ ಒಂದಿಷ್ಟು ಮಡಚುವುದರೊಳಗೆ ಒಂದು ದಿನ ಯುಗವಾಗಿಬಿಡುತ್ತದೆ.

ಅನುರಣನದ ಪೀಡೆ ಇದಕ್ಕಿಂತ ದೊಡ್ಡದು. ಹೆಂಚು ಹಾಸಿದ ನೆಲ, ಬರಿ ಗೋಡೆ, ತಗಡಿನ ಛಾವಣಿಗಳ ನಡುವೆ ಸದ್ದು ಎರಡು ಸೆಕೆಂಡು ಉಳಿಯುವುದು ಅಪರೂಪವಲ್ಲ. ಸಾಮಾನ್ಯ ಮಾತಿನಲ್ಲಿ ಸೆಕೆಂಡಿಗೆ ಐದಾರು ಅಕ್ಷರಗಳು ಸಾಗುತ್ತವೆ. ಅಂದರೆ ಆಡಿದ ಅಕ್ಷರವು ಮುಂದಿನ ಹತ್ತು ಅಕ್ಷರಗಳ ಮೇಲೆ ಮುಸುಕೆಳೆಯುತ್ತದೆ. ಛಂದಸ್ಸಿನ ಪಾಠದಲ್ಲಿ ನಾವು ಶ್ರಮಪಟ್ಟು ಗುರುತು ಹಾಕುವ ಲಘುಗಳನ್ನೆಲ್ಲ ಇಂಥ ಭವನವೊಂದು ಕ್ಷಣದಲ್ಲಿ ಗುರು ಮಾಡಿಬಿಡುತ್ತದೆ! ಅಲ್ಲಿ ಭಾಮಿನಿ ಷಟ್ಪದಿಯನ್ನು ವಾಚಿಸುವ ಗಮಕಿಯ ಪಾಡೇನು? ವಾಲ್ಯೂಮ್ ಹೆಚ್ಚಿಸಿದರೆ ಅನುರಣನವೂ ಅಷ್ಟೇ ಹೆಚ್ಚುತ್ತದೆ. ಪೆಟ್ಟಿಗೆಯ ದುಡ್ಡಿನಲ್ಲಿ ಅರ್ಧವನ್ನು ನೆಲಕ್ಕೆ ಜಮಖಾನೆ, ಹಿಂಗೋಡೆಗೆ ದಪ್ಪ ಪರದೆ, ಒಂದು ಒಳ್ಳೆಯ ಮೈಕ್ ಇವಕ್ಕೆ ಖರ್ಚು ಮಾಡುವುದು ಲೇಸು.

ಸ್ಪೀಕರುಗಳೆಂದರೆ, ತಲೆಗಳಿಗಿಂತ ಮೇಲೆ ಸ್ಟ್ಯಾಂಡಿನ ಮೇಲಿಟ್ಟು ಹಿಂದಿನ ಸಾಲಿನತ್ತ ತುಸು ಬಾಗಿಸಿದ ಎರಡು ಸಾಧಾರಣ ಪೆಟ್ಟಿಗೆಗಳು ಸಾಕು. ಸದ್ದು ತೀರ ಮೊಳಗುವ ಕಿರಿದಾದ, ಉದ್ದನೆಯ ಭವನವಾದರೆ ಕಾಲಮ್ ಸ್ಪೀಕರ್ ಮೇಲು. ಅದೂ ಸಾಲಿನ ತತ್ತ್ವದ್ದೇ, ಲೈನ್ ಅರೇಗಿಂತ ಎಷ್ಟೋ ಹಳೆಯದು. ಮೇಲ್ಸ್ವರಗಳನ್ನಾದರೂ ಛಾವಣಿಗೆ ಹೊಡೆಯದೆ ಜನರತ್ತ ಕಳಿಸುತ್ತದೆ. ಇನ್ನೂ ಉದ್ದವಿದ್ದರೆ ನಡುವೆ ಸಣ್ಣದೊಂದು ಜೋಡಿ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಹದಿನೈದು ಮೀಟರ್ ಮುಂದಿರುವ ಜೋಡಿಯನ್ನು 44 ಮಿಲಿಸೆಕೆಂಡು ತಡಮಾಡಿ ನುಡಿಸದಿದ್ದರೆ ಹಿಂದಿನವರಿಗೆ ಪ್ರತಿ ಅಕ್ಷರವೂ ಎರಡೆರಡು ಸಲ ಕೇಳಿಸೀತು. ಝರಾಸಂಗಂ ಮಂಡಲದ ಮಾಚನೂರಿನಲ್ಲಿ 2008ರಿಂದ ಗ್ರಾಮೀಣ ಮಹಿಳೆಯರು ನಡೆಸುತ್ತಿರುವ ಸಂಗಂ ರೇಡಿಯೋವನ್ನು ನೆನೆಯಿರಿ. ಕೇಳುಗಳ ಪಕ್ಕದಲ್ಲೊಂದು ಪುಟ್ಟ ರೇಡಿಯೋ ಇದ್ದರೆ ಆಡಿದವಳ ಪ್ರತಿ ಮಾತೂ ತಿಳಿಯುತ್ತದೆ. ಸದ್ದು ಜೋರಿರಬೇಕಿಲ್ಲ, ಹತ್ತಿರವಿರಬೇಕು. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಬಾರದೆಂಬ 2000ದ ಶಬ್ದಮಾಲಿನ್ಯ ನಿಯಮದ ತಕರಾರೂ ಆಗ ಕಡಿಮೆ.

ಇಷ್ಟು ಹಟವೇಕೆ ಎಂದು ಕೇಳೀರಿ. 1956ರಲ್ಲಿ ಜಹೀರಾಬಾದಿನ ಬಹುಭಾಗ, ನಾರಾಯಣಖೇಡಗಳು ಬೀದರ್ ಜಿಲ್ಲೆಯಿಂದಲೂ ತಾಂಡೂರು ಗುಲಬರ್ಗಾದಿಂದಲೂ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅಲ್ಲಿಂದ ಬರುವ ನಿಮ್ಮ ಗೆಳೆಯರನ್ನು ವಿಚಾರಿಸಿ: ಮನೆಮಾತು ಕನ್ನಡವಾದ ಎಷ್ಟೋ ಮಕ್ಕಳು ಓದುವುದು ತೆಲುಗಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಅಡುಗೆಮನೆಯ ಕನ್ನಡದಾಚೆಗೆ ಇನ್ನೊಂದು ಕನ್ನಡವಿದೆಯೆಂದು ಅವರಿಗೆ ತಿಳಿಯುವುದು ಶ್ರಾವಣದ ಪುರಾಣದಲ್ಲಿ, ಬಸವ ಜಯಂತಿಯ ಸಭೆಯಲ್ಲಿ. ಅಂಥ ಮಗು ಕೂರುವುದು ಹಿಂದಿನ ಸಾಲಿನಲ್ಲಿ. ಅಕ್ಷರ ಕಲಿಯದ ಅದಕ್ಕೆ ಕಿವಿಯೇ ಶಾಲೆ. ವಚನ ಎಂಬ ಶಬ್ದದ ಅರ್ಥವೇ ಮಾತು. ಆ ಮಾತು ಗುಡುಗಾಗಿ ತಲುಪಿದರೆ ಮಗು ಎದ್ದು ಹೊರಗೆ ಹೋಗುತ್ತದೆ, ಹೋಗುವುದು ಸರಿಯೇ.

ಸಮಿತಿಯವರಿಗೆ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ದುಡ್ಡು ಕೊಡುವ ಮೊದಲು ಅಂಗಡಿಯವನು ಪೆಟ್ಟಿಗೆಗಳನ್ನು ಭವನಕ್ಕೇ ತಂದು ಹಚ್ಚಲಿ, ಜನ ತುಂಬಿದ ದಿನವಾದರೆ ಇನ್ನೂ ಒಳ್ಳೆಯದು. ಸಿನಿಮಾ ಹಾಡು ಬೇಡ. ಒಬ್ಬರು ವೇದಿಕೆಯಿಂದ ಬೆಲೆ, ಬೆಳೆ, ಎಲೆ, ಎಳೆ, ಹಳೆ, ಹಾಳೆ ಮುಂತಾಗಿ ಐವತ್ತು ಶಬ್ದಗಳನ್ನು ಕ್ರಮ ತಪ್ಪಿಸಿ ಓದಲಿ. ಹಿಂದಿನ ಸಾಲಿನಲ್ಲಿ ಕುಳಿತವರು ಉಕ್ತಲೇಖನ ಬರೆಯಲಿ. ನಲವತ್ತೈದಕ್ಕಿಂತ ಕಡಿಮೆ ಸರಿಯಾದರೆ ಪೆಟ್ಟಿಗೆಯನ್ನು ಹಿಂದಕ್ಕೆ ಕಳಿಸಿ. ಶಬ್ದಗಳ ಪಟ್ಟಿಯನ್ನು ವಿಭಾಗದ ಫಲಕಕ್ಕೆ ಹಚ್ಚಿದ್ದೇನೆ. ನಿಮ್ಮ ಊರಿನಲ್ಲಿ ಖರೀದಿಯ ಮಾತು ನಡೆದಿದ್ದರೆ ಬರೆದುಕೊಂಡು ಹೋಗಿ. ಓದಲು ಇಬ್ಬರು, ಬರೆಯಲು ನಾಲ್ವರು ಸಾಕು.