ಹೊಗೆಗೆ ಸರ್ಟಿಫಿಕೇಟು, ಬ್ರೇಕಿಗೆ ಬೇಡವೇ?

ರೈತರ ಬೈಕು ಬರೀ ಸವಾರಿಗಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಮೂಟೆ ಎಲ್ಲಾ ಅದರ ಮೇಲೇ. ಹೊಲದ ದಾರಿಯ ಧೂಳು ತಿಂದು ಬ್ರೇಕ್ ಶೂ, ಚೈನು ಬೇಗ ಸವೆಯುತ್ತವೆ.

ಕಾನೂನು ಏನನ್ನುತ್ತೆ ನೋಡಿ. ಲಾರಿ, ಟೆಂಪೋಗಳಿಗೆ ಕಾಲಕಾಲಕ್ಕೆ ಎಫ್.ಸಿ. ಮಾಡಿಸಬೇಕು. ಸ್ವಂತ ಬೈಕಿಗೆ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಣ. ಹೊಗೆ ತಪಾಸಣೆ ಮಾತ್ರ ಬಿಎಸ್-4, ಬಿಎಸ್-6 ಬೈಕಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೇದಕ್ಕೆ 6 ತಿಂಗಳಿಗೊಮ್ಮೆ. ಅಂದರೆ ಹೊಗೆ ಸರಿಯಿದ್ದರೆ ಆಯ್ತು, ಬ್ರೇಕು ಹಿಡಿಯುತ್ತೋ ಇಲ್ಲವೋ ಎಂಬ ಕಡ್ಡಾಯ ತಪಾಸಣೆ 15 ವರ್ಷ ಇಲ್ಲ!

ವರ್ಷಕ್ಕೊಮ್ಮೆ ಬೈಕಿನ ತಪಾಸಣೆ ಆಗಬೇಕು ಅನ್ನೋ ಮಾತು ನನಗೆ ಸರಿ ಕಾಣುತ್ತೆ. ಆದರೆ ಅದಕ್ಕಾಗಿ ದೂರದ ಆರ್‌ಟಿಓ ಕಚೇರಿಗೆ ಅಲೆಸಿದರೆ ಒಂದು ದಿನದ ಕೆಲಸ ಕೆಟ್ಟಿತು, ದಲ್ಲಾಳಿ ಜೇಬು ತುಂಬಿತು. ಹೊಗೆ ನೋಡುವ ಕಡೆಯೇ, ಹೋಬಳಿ ಮಟ್ಟದಲ್ಲಿ, ಐಟಿಐ ಕಲಿತ ಹುಡುಗರು ಬ್ರೇಕು, ಟೈರು, ಚೈನು, ದೀಪ ಈ ನಾಲ್ಕನ್ನು ನೋಡಿ ಚೀಟಿ ಕೊಡಲಿ. ದೋಷ ಕಂಡರೆ ಕೂಡಲೇ ದಂಡ ಬೇಡ, ರಿಪೇರಿಗೆ ಒಂದು ವಾರ ಕೊಡಲಿ.

ಅಲ್ಲಿವರೆಗೆ ನಾವು ಸುಮ್ಮನಿರಬೇಕಿಲ್ಲ. ಬಿತ್ತನೆಗೆ ಮುಂಚೆ ಕೂರಿಗೆ, ಕುಂಟೆ ಸರಿಮಾಡಿಕೊಳ್ತೀವಲ್ಲ, ಅದೇ ವೇಳೆಗೆ ಬೈಕನ್ನೂ ನೋಡಿಸೋಣ. ಹಿಂದಿನ ಕೆಂಪು ದೀಪ ಉರಿಯದಿದ್ದರೆ ಕತ್ತಲಲ್ಲಿ ಲಾರಿಯವನ ಕಣ್ಣಿಗೆ ನಾವು ಬೀಳೋದು ಕಷ್ಟ. ಒಂದು ಬಲ್ಬಿಗೆ ಜಿಪುಣತನ ಬೇಡ. ಏನಂತೀರಿ?