ಊರ ಕಡಲು ಯಾರ ಅಂಗಳ?

ಏಪ್ರಿಲ್-ಮೇ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಆರಂಭವಾಗುತ್ತದೆ. ಮಕ್ಕಳಿಗೆ ರಜೆ, ಊರಲ್ಲಿ ಮದುವೆ-ಮುಂಜಿ, ಕುಲದೇವರ ಹರಕೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲಂತೂ ಕಾರವಾರ, ಕುಮಟಾ, ಕುಂದಾಪುರ, ಉಡುಪಿಗಳು ಒಂದು ರಾತ್ರಿಯ ದಾರಿಯಾಗಿವೆ. ಇದು ಸಂತೋಷದ ಸಂಗತಿಯೇ. ಊರಿಗೆ ಹೋಗಬೇಡಿರೆಂದು ಯಾವ ಕನ್ನಡ ಸಂಘವೂ ಹೇಳಲಾರದು. ನಮ್ಮ ತಕರಾರು ಇರುವುದು, ಹೋದ ಮೇಲೆ ನಡೆಯುವ ಒಂದು ದಿನದ ‘ಕಡಲ ಟ್ರಿಪ್’ ಕುರಿತು.

ಈ ಟ್ರಿಪ್ಪಿನ ಸ್ವರೂಪ ಎಲ್ಲರಿಗೂ ಗೊತ್ತು. ಹದಿನೈದು ಜನರ ಬಾಡಿಗೆ ಗಾಡಿಯಲ್ಲಿ ಇಪ್ಪತ್ತು ಜನ. ಬೆಳಿಗ್ಗೆ ಗೋಕರ್ಣ, ಆಮೇಲೆ ಇಡಗುಂಜಿ, ಮಧ್ಯಾಹ್ನ ಮುರ್ಡೇಶ್ವರ, ಸೂರ್ಯಾಸ್ತಕ್ಕೆ ಮರವಂತೆ. ನೂರು ಕಿಲೋಮೀಟರಿಗೂ ಮಿಕ್ಕಿದ ಈ ದಾರಿಯಲ್ಲಿ ಗಾಡಿಯೊಳಗೆ ಕುಳಿತ ಹೊತ್ತೇ ಹೆಚ್ಚು. ಉಳಿದ ಹೊತ್ತು ಫೋಟೋ, ನೀರಾಟ, ಕಟ್ಟಿ ತಂದ ತಿಂಡಿ. ‘ಎಲ್ಲ ನೋಡಿ ಮುಗಿಯಿತು’ ಎಂಬ ತೃಪ್ತಿಯಿಂದ ಮನೆ ಸೇರುತ್ತಾರೆ. ಏನು ನೋಡಿದಿರಿ ಎಂದು ಮಕ್ಕಳನ್ನು ಕೇಳಿ. ದೊಡ್ಡ ಶಿವ, ಒಂಟೆ ಸವಾರಿ, ಐಸ್‌ಕ್ರೀಮ್! ಇಷ್ಟಕ್ಕೆ ಜುಹು ಸಾಲದೆ?

ಕರಾವಳಿಯ ಹಳ್ಳಿಯಲ್ಲಿ ಮರಳದಂಡೆ ಎಂಬುದು ಯಾರೂ ಇಲ್ಲದ ಮೈದಾನವಲ್ಲ. ಅದು ಮೀನುಗಾರರ ಅಂಗಳ. ದೋಣಿ ಎಳೆದಿಡುವುದು ಅಲ್ಲಿ, ಬಲೆ ಹರವಿ ಹರಿದದ್ದನ್ನು ಹೆಣೆಯುವುದು ಅಲ್ಲಿ, ಮೀನು ಒಣಗಿಸುವುದು ಅಲ್ಲಿ. ಕೈರಂಪಣಿ ಬಲೆಯನ್ನು ಹತ್ತಾರು ಕೈಗಳು ಸೇರಿ ದಡಕ್ಕೆ ಎಳೆಯುವುದೂ ಅಲ್ಲಿಯೇ. ಆ ಅಂಗಳದ ನಡುವೆ ಗಾಡಿ ನುಗ್ಗಿಸಿ, ಹರವಿದ ಬಲೆಯ ಮೇಲೆ ಚಪ್ಪಲಿ ಕಾಲಲ್ಲಿ ನಡೆದು, ದೋಣಿಯ ಮೇಲೆ ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಯುವುದು ಯಾವ ನ್ಯಾಯ? ನಮ್ಮ ಚಾಳಿನ ಗ್ಯಾಲರಿಯಲ್ಲಿ ಒಣಗಿಸಿದ ಹಪ್ಪಳದ ಮೇಲೆ ಅಪರಿಚಿತರು ಹೀಗೆ ನಡೆದರೆ ನಾವು ಸುಮ್ಮನಿರುತ್ತೇವೆಯೆ? ‘ನಾವೂ ಇಲ್ಲಿಯವರೇ ಮಾರಾಯ್ರೇ’ ಎಂಬುದು ನಮ್ಮವರ ಸಿದ್ಧ ಉತ್ತರ. ಇಲ್ಲಿಯವರಾಗಿದ್ದರೆ ಇಲ್ಲಿಯ ರೀತಿ ಗೊತ್ತಿರಬೇಕಿತ್ತು.

ಇದು ಬರಿಯ ಮರ್ಯಾದೆಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇದು ಜೀವದ ಪ್ರಶ್ನೆ. 2016ರ ಫೆಬ್ರವರಿಯಲ್ಲಿ ರಾಯಗಡ ಜಿಲ್ಲೆಯ ಮುರುಡ್ ಕಡಲಲ್ಲಿ ಪುಣೆಯಿಂದ ವಿಹಾರಕ್ಕೆ ಬಂದಿದ್ದ 14 ವಿದ್ಯಾರ್ಥಿಗಳು ಮುಳುಗಿ ಸತ್ತರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ಬಾಲಕಿಯರು ನೀರುಪಾಲಾದರು. ಎರಡೂ ಸಲ ಮಳೆಗಾಲವಲ್ಲ.

ಕಡಲಿನ ಸೆಳೆತದ ಗುಟ್ಟು ಘಟ್ಟದ ಮೇಲಿನವರಿಗೂ ನಗರದವರಿಗೂ ತಿಳಿಯದು. ತೆರೆಗಳು ದಡಕ್ಕೆ ತಂದ ನೀರು ಒಂದು ಕಿರಿದಾದ ಓಣಿಯಲ್ಲಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಆ ಓಣಿಯಲ್ಲಿ ತೆರೆ ಒಡೆಯುವುದು ಕಡಿಮೆ. ನೋಡುವ ಕಣ್ಣಿಗೆ ಅದೇ ಶಾಂತವಾದ ಜಾಗ. ತಿಳಿಯದವರು ಮಕ್ಕಳನ್ನು ಇಳಿಸುವುದೂ ಅಲ್ಲಿಯೇ! ಸಿಕ್ಕಿಬಿದ್ದವರು ನೇರವಾಗಿ ದಡದತ್ತ ಈಜಿ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಹೊರಬರುವ ದಾರಿ ಇದೆ. ಬಲೆ ಹೆಣೆಯುತ್ತ ಕುಳಿತ ಅಜ್ಜನಿಗೆ ಅಂದಿನ ಓಣಿ ಯಾವುದೆಂದು ಕೂತಲ್ಲಿಂದಲೇ ಗೊತ್ತು. ಅವನು ‘ಅಲ್ಲಿ ಇಳಿಯಬೇಡಿ’ ಎಂದರೆ, ಇವನಾರು ನಮಗೆ ಹೇಳಲು ಎಂಬಂತೆ ಮುಖ ತಿರುಗಿಸುವ ವಿದ್ಯಾವಂತರಿಗೆ ಏನೆನ್ನಬೇಕು?

ಮೇ ಕೊನೆಗೆ ಕಡಲು ಏಳತೊಡಗುತ್ತದೆ. ಜೂನ್ 1ರಿಂದ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಂತ್ರದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕಡಲಲ್ಲೇ ಬಾಳುವವರು ಅದಕ್ಕೆ ಬಿಡುವು ಕೊಡುವ ಹೊತ್ತಿನಲ್ಲಿ ನಮ್ಮವರು ‘ಮಳೆಯ ಮಜಾ’ ನೋಡಲು ಬಂಡೆ ಹತ್ತುತ್ತಾರೆ.

ಕೆಲವರು ವಾದಿಸುತ್ತಾರೆ: ಪ್ರವಾಸಿಗರಿಂದ ಊರವರಿಗೆ ನಾಲ್ಕು ಕಾಸು ಸಿಗುವುದಿಲ್ಲವೆ? ಸಿಗಬೇಕಾದದ್ದು ನಿಜ. ಆದರೆ ಲೆಕ್ಕ ಹಾಕಿ ನೋಡೋಣ. ಗಾಡಿಯ ಬಾಡಿಗೆ ಪೇಟೆಯವರಿಗೆ, ಊಟದ ಹಣ ಹೆದ್ದಾರಿಯ ದೊಡ್ಡ ಹೋಟೆಲಿಗೆ, ನೀರು-ತಿಂಡಿ ಪೇಟೆಯ ಅಂಗಡಿಯಿಂದ. ಹಳ್ಳಿಗೆ ಉಳಿಯುವುದು ಖಾಲಿ ಬಾಟಲಿ ಮತ್ತು ಪ್ಲಾಸ್ಟಿಕ್ ತಟ್ಟೆ. ಕಾಸರಕೋಡು ಮತ್ತು ಪಡುಬಿದ್ರಿಯ ಕಡಲತೀರಗಳು 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಪಡೆದವೆಂದು ನಾವು ಹೆಮ್ಮೆಪಡುತ್ತೇವೆ. ಉಳಿದ ದಂಡೆಗಳಲ್ಲಿ ನಮ್ಮ ಎಂಜಲನ್ನು ಹೆಕ್ಕುವವರಾರು?

ಕಾವಲು ಹಾಕುವುದು ಸರಕಾರದ ಕೆಲಸ ಎಂಬುದು ಇನ್ನೊಂದು ವಾದ. ಹೌದು, ಸರಕಾರ ಮಾಡಲೇಬೇಕು. ಹೆಸರಾದ ಸ್ಥಳಗಳಲ್ಲಿ ಜೀವರಕ್ಷಕರು ಸದಾ ಇರಲೇಬೇಕು. ಆದರೆ ಮುನ್ನೂರು ಕಿಲೋಮೀಟರಿಗೂ ಮೀರಿದ ಕರಾವಳಿಯ ಹಳ್ಳಿಹಳ್ಳಿಗೂ ಕಾವಲಿಡುವುದು ಆಗದ ಮಾತು. ತಂದೆತಾಯಿಗಳ ವಿವೇಕಕ್ಕೆ ಬದಲಿ ಯಾವ ಸೀಟಿಯೂ ಅಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹತ್ತು ಸ್ಥಳ ಬಿಡಿ, ಒಂದು ಊರು ಹಿಡಿಯಿರಿ. ಅಘನಾಶಿನಿಯ ಅಳಿವೆಯನ್ನೇ ತೆಗೆದುಕೊಳ್ಳಿ. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ನೀರಿಗಿಳಿದು ಬಳಚು ಆರಿಸುತ್ತಾರೆ. ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಎಂಬ ಭತ್ತದ ತಳಿ ಇದೆ. ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಬೇಸಿಗೆಯ ಬಿಸಿಲೇ ಉಪ್ಪು ಮಾಡುತ್ತದೆ. ಅಳಿವೆಯಿಂದ ಒಳಗೆ ಮಿರ್ಜಾನ ಕೋಟೆ. ಈ ಉಪ್ಪನ್ನು ಕಂಡ ಮಗುವಿಗೆ, 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿದ ಕಥೆ ಹೇಳಿದರೆ ಅದು ಪಠ್ಯಪುಸ್ತಕದ ಪಾಠವಾಗಿ ಉಳಿಯುವುದಿಲ್ಲ. ಆ ಕಾಲಕ್ಕೆ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೇ ಸೇರಿತ್ತೆಂದೂ ಹೇಳಿರಿ. ತನ್ನ ಎರಡು ಊರುಗಳ ಹಳೆಯ ನಂಟು ಅದಕ್ಕೆ ತಿಳಿಯಲಿ.

ಚಳಿಗಾಲದಲ್ಲಿ ಹೋಗುವವರು ಇನ್ನೊಂದನ್ನು ನೆನಪಿಡಬೇಕು. ಹೊನ್ನಾವರ, ಕಾರವಾರಗಳ ದಂಡೆಗಳಲ್ಲಿ ಆಗ ಕಡಲಾಮೆಗಳು ಮರಳಲ್ಲಿ ಮೊಟ್ಟೆ ಇಡುತ್ತವೆ. ಮರಳ ಮೇಲೆ ಓಡುವ ಜೀಪು, ರಾತ್ರಿ ಉರಿಸುವ ದೀಪ ಅವುಗಳಿಗೆ ಕೇಡು. ಹೊರಬಂದ ಮರಿಗಳು ಬೆಳಕನ್ನು ನಂಬಿ ಕಡಲಿನ ದಿಕ್ಕು ತಪ್ಪುತ್ತವೆ.

ಸಂಘಗಳು ಕನ್ನಡ ತರಗತಿ ನಡೆಸಿ, ಮಕ್ಕಳು ಕನ್ನಡ ಆಡುವುದಿಲ್ಲವೆಂದು ಪ್ರತಿ ವಾರ್ಷಿಕೋತ್ಸವದಲ್ಲೂ ಕೊರಗುತ್ತವೆ. ಅಳಿವೆ, ಉಬ್ಬರ, ಇಳಿತ, ಗಜನಿ, ಬಳಚು—ಈ ಶಬ್ದಗಳನ್ನು ಮಾತುಂಗದ ಯಾವ ಕರಿಹಲಗೆ ಕಲಿಸೀತು? ಅವು ಇರುವುದು ಆ ದಂಡೆಯಲ್ಲಿ, ಆ ಜನರ ಬಾಯಲ್ಲಿ. ಅವರನ್ನು ‘ಅಜ್ಜ, ಇಲ್ಲಿ ಇಳಿಯಬಹುದೆ?’ ಎಂದು ಮಗುವೇ ಕೇಳಲಿ. ಅದೊಂದು ಪ್ರಶ್ನೆಯಲ್ಲಿ ಭಾಷೆಯೂ ಉಳಿದೀತು, ಜೀವವೂ ಉಳಿದೀತು.

ಬರುವ ರಜೆಗೆ ಊರಿನ ಟಿಕೆಟು ತೆಗೆಸುವ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಊರವರನ್ನು ಕೇಳಿ ನೀರಿಗಿಳಿಯಿರಿ, ಊಟವನ್ನು ಆ ಹಳ್ಳಿಯಲ್ಲೇ ಹಣ ಕೊಟ್ಟು ಉಣ್ಣಿರಿ, ಕಸವನ್ನು ಚೀಲದಲ್ಲಿ ಕಟ್ಟಿ ಹಿಂದೆ ತನ್ನಿರಿ. ಇಷ್ಟು ಮಾಡಲಾಗದವರು ಊರ ಕಡಲನ್ನು ‘ನಮ್ಮದು’ ಎನ್ನುವುದನ್ನು ಬಿಡುವುದು ಒಳ್ಳೆಯದು.